ಕಟ್ಟಿರೋ ಕಂದಾಯಕ್ಕೇ ಬಾಕಿ, ದಂಡ ತೋರಿಸ್ತಿದೆ, ದಯವಿಟ್ಟು ಸರಿ ಮಾಡಿಕೊಡಿ

ಮಾನ್ಯ ಪೌರಾಯುಕ್ತರಿಗೆ ನಮಸ್ಕಾರ ಸರ್,

ನಮ್ಮಮ್ಮನ ಪರವಾಗಿ ನಾನು ಈ ದೂರು ಬರೀತಿದ್ದೀನಿ. ಅಪ್ಪ ತೀರಿಕೊಂಡು ವರ್ಷ ಆಗ್ತಾ ಬಂತು, ಮನೆ ಖಾತೆ ಅಮ್ಮನ ಹೆಸರಿಗೆ ಮಾಡಿಸೋಣ ಅಂತ ಮರಣ ಪ್ರಮಾಣ ಪತ್ರ, ವಂಶವೃಕ್ಷ, ಇಸಿ (ಮನೆ ಮೇಲಿನ ಋಣಭಾರ ಪತ್ರ) ಎಲ್ಲಾ ಹಿಡ್ಕೊಂಡು ಬಂದ್ರೆ ಕಂದಾಯ ಶಾಖೇಲಿ ಕಂಪ್ಯೂಟರ್ ನೋಡಿ 2022-23, 2023-24 ಎರಡು ವರ್ಷದ್ದು ಬಾಕಿ ಇದೆ, ದಂಡ ಸೇರಿಸಿ ಕಟ್ಟಿ, ಆಮೇಲೆ ಇ-ಖಾತಾ ನೋಡೋಣ ಅಂದ್ರು.

ಸರ್, ಆ ಎರಡೂ ವರ್ಷದ್ದು ಅಪ್ಪ ಕಟ್ಟಿದ್ದಾರೆ. ಏಪ್ರಿಲ್ ಒಳಗೆ ಕಟ್ಟಿದ್ರೆ 5% ರಿಯಾಯಿತಿ ಸಿಗುತ್ತೆ ಅಂತ ಯುಗಾದಿ ಮುಗೀತಿದ್ದಂಗೆ ಬ್ಯಾಂಕಿಗೆ ಹೊರಡೋರು, ಒಂದು ವರ್ಷನೂ ತಪ್ಪಿಸಿಲ್ಲ. ಚಲನ್ ಎರಡೂ ಈಗ ನನ್ನ ಮುಂದೇನೇ ಇದೆ, ಬ್ಯಾಂಕಿನ ನೀಲಿ ಸೀಲು ಸ್ವಲ್ಪ ಮಾಸಿದೆ ಆದ್ರೆ ತಾರೀಖು ಚೆನ್ನಾಗಿ ಕಾಣುತ್ತೆ, ಹಿಂದುಗಡೆ ಅಪ್ಪ ಪೆನ್ಸಿಲ್‌ನಲ್ಲಿ "ರಿಯಾಯಿತಿ ಕಳೆದು" ಅಂತ ಬರೆದಿಟ್ಟಿದ್ದಾರೆ.

ತಪ್ಪು ಎಲ್ಲಾಗಿದೆ ಅಂತ ನಿಮ್ಮ ಬಿಲ್ ಕಲೆಕ್ಟರೇ ತೋರಿಸಿದ್ರು. ನಮ್ಮ ಅಸೆಸ್‌ಮೆಂಟ್ ನಂಬರಿನ ಕೊನೆ 47, ಚಲನ್‌ನಲ್ಲೂ 47 ಅಂತಾನೇ ಇದೆ, ಕಂಪ್ಯೂಟರ್‌ಗೆ ಹಾಕೋವಾಗ 74 ಅಂತ ಹಾಕಿ ನಮ್ಮ ದುಡ್ಡು ಅದೇ ಬೀದಿಯ ಬೇರೆಯವರ ಮನೆಗೆ ಜಮಾ ಆಗಿದೆ, ಅವರ ಲೆಕ್ಕದಲ್ಲಿ ಆ ಎರಡೂ ವರ್ಷ ಎರಡೆರಡು ಸಲ ಕಟ್ಟಿದ ಹಾಗೆ ಕಾಣುತ್ತೆ. ಇಷ್ಟು ಕಣ್ಣಿಗೆ ಕಾಣ್ತಿದ್ರೂ ಒಂದು ಸಲ ಕೇಸ್ ವರ್ಕರ್ ರಜೆ, ಒಂದು ಸಲ ಸರ್ವರ್ ಇಲ್ಲ, ಮೊನ್ನೆ ಹೋದಾಗ "ಈಗ ಕಟ್ಟಿಬಿಡಿ ಮೇಡಂ, ಮುಂದೆ ಅಡ್ಜಸ್ಟ್ ಮಾಡೋಣ" ಅಂತ ಹೇಳಿ ಕಳಿಸಿದ್ರು. ಯಾಕೆ ಕಟ್ಟಬೇಕು ಸರ್? ತಿಂಗಳಿಗೆ 2% ದಂಡ ಅಂದ್ರೆ ವರ್ಷಕ್ಕೆ 24% ಆಯ್ತು, ಬ್ಯಾಂಕಲ್ಲಿ ಮನೆ ಸಾಲಕ್ಕೂ ಇಷ್ಟು ಬಡ್ಡಿ ಇಲ್ಲ, ಅದೂ ನಾವು ಮಾಡದ ತಪ್ಪಿಗೆ.

ಕಂದಾಯ ಕಟ್ಟೋಕೆ ನಮ್ಮದೇನೂ ತಕರಾರಿಲ್ಲ. ಕಂದಾಯದ ಮೇಲೆ ಆರೋಗ್ಯ ಸೆಸ್ 15%, ಗ್ರಂಥಾಲಯ 6%, ಭಿಕ್ಷುಕರ ಸೆಸ್ 3% ಬೀಳುತ್ತಲ್ಲ, ಅದನ್ನ ನೋಡಿ ಅಪ್ಪ ಖುಷಿಯಿಂದಾನೇ ಕಟ್ಟೋರು, ದಿನಾ ಬೆಳಿಗ್ಗೆ ಲೈಬ್ರರಿಗೆ ಹೋಗಿ ಪೇಪರ್ ಓದ್ತಿದ್ದೋರು ಅವರು, ಅದು ನಮ್ಮ ದುಡ್ಡಲ್ಲೂ ನಡೀತಿದೆ ಅನ್ನೋರು. ಅಂಥವರ ಹೆಸರಿನ ಮುಂದೆ ಬಾಕಿದಾರ ಅಂತ ಬಂದಿದ್ದು ನೋಡಿ ಅಮ್ಮ ಕೌಂಟರ್ ಹತ್ರಾನೇ ಕಣ್ಣೀರು ಹಾಕಿದ್ರು.

74ಕ್ಕೆ ಹೋಗಿರೋ ಎರಡೂ ಜಮೆ 47ಕ್ಕೆ ವರ್ಗಾಯಿಸಿ, ದಂಡ ತೆಗೆಸಿ, ಯಾರು ಎಷ್ಟು ಕಂದಾಯ ಕಟ್ಟಬೇಕು ಅಂತ ಬರೆಯೋ ಡಿಮ್ಯಾಂಡ್ ರಿಜಿಸ್ಟರ್‌ನಲ್ಲೂ ತಿದ್ದಿಸಿ. ಆ ಮನೆಯವರಿಗೂ ಒಂದು ಮಾತು ತಿಳಿಸಿ, ನಾಳೆ ಅವರ ಲೆಕ್ಕ ಏರುಪೇರಾದ್ರೆ ಅವರೂ ಹೀಗೇ ಅಲೀಬೇಕಾಗುತ್ತೆ. ಖಾತೆ ಅರ್ಜಿ ತಗೊಂಡು ಸಕಾಲ ನಂಬರ್ ಕೊಡಿಸಿ, ಗೊತ್ತಾದ ದಿನದೊಳಗೆ ಕೆಲಸ ಮಾಡಿಕೊಡಬೇಕು ಅಂತ 2011ರಲ್ಲೇ ಸಕಾಲ ಕಾಯ್ದೆ ಆಗಿದೆ, ಆದ್ರೂ ನಾಲ್ಕು ಸಲ ಬಂದ್ರೂ ನಮ್ಮ ಕೈಗೆ ಒಂದು ಸ್ವೀಕೃತಿ ಚೀಟಿನೂ ಸಿಕ್ಕಿಲ್ಲ, ಟಪಾಲಲ್ಲಿ ಕೇಳಿದ್ರೆ ಒಳಗೆ ಹೋಗಿ ಅಂತಾರೆ, ಒಳಗೆ ಹೋದ್ರೆ ಟಪಾಲಲ್ಲಿ ಕೊಡಿ ಅಂತಾರೆ.

ಎರಡೂ ಚಲನ್ ಜೆರಾಕ್ಸ್, 2024-25ರಲ್ಲಿ ನಾನು ಆನ್‌ಲೈನ್ ಕಟ್ಟಿದ ರಸೀದಿ ಜೊತೆಗಿಟ್ಟಿದ್ದೀನಿ, ಒರಿಜಿನಲ್ ಕೇಳಿದ್ರೆ ತಂದು ತೋರಿಸ್ತೀನಿ, ಬಿಟ್ಟು ಹೋಗಲ್ಲ. ಅಮ್ಮನಿಗೆ ಮಂಡಿ ನೋವು, ನಿಮ್ಮ ಆಫೀಸ್ ಮೆಟ್ಟಿಲು ಹತ್ತೋದು ಕಷ್ಟ, ಇನ್ನೊಂದು ಸಲ ಬರಲೇಬೇಕಾದ್ರೆ ಸಹಿ ಹಾಕೋ ದಿನ ಮಾತ್ರ ಕರೀರಿ ಸರ್.

ಇಂತಿ,
ಖಾತೆದಾರರ ಮಗಳು