ತೆಂಗಿನಕಾಯಿಗೆ ಗುರಿ ಇಡುವ ಮೊದಲು ಟ್ರಿಗರ್ ತೂಗಿ

ಸಂಪಾದಕರಿಗೆ,

ಕಳೆದ ಕೈಲ್ ಮುಹೂರ್ತದಂದು, ಅಂದರೆ ನಾವು ಕೊಡವರು ಆಯುಧಗಳನ್ನು ಪೂಜಿಸುವ ಹಬ್ಬದಂದು, ನಮ್ಮ ಊರಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತಿತ್ತು. ಸಣ್ಣ ತೋಟಾದ .22 ಕೋವಿಯ ವಿಭಾಗದಲ್ಲಿ ನನ್ನ ತಂಗಿಯ ಮಗನ ಸರದಿ ಬಂತು. ತೋಟಾ ಹಾಕಿದ, ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟನ್ನು ಮುಂದಕ್ಕೆ ತಳ್ಳಿ ಅದರ ಹಿಡಿಯನ್ನು ಕೆಳಕ್ಕೆ ಮಡಚಿದ, ಗುಂಡು ಹಾರಿಹೋಯಿತು. ಅವನ ಬೆರಳು ಟ್ರಿಗರಿನ ಹತ್ತಿರವೂ ಇರಲಿಲ್ಲ; ನಾನು ಆರು ಅಡಿ ದೂರದಲ್ಲಿ ನಿಂತು ನೋಡುತ್ತಿದ್ದೆ. ನಳಿಗೆ ನೆಲದ ಕಡೆಗಿತ್ತು, ಆದ್ದರಿಂದ ಗುಂಡು ಹತ್ತು ಅಡಿ ಮುಂದಿನ ಒದ್ದೆ ಮಣ್ಣಿಗೆ ಹೊಕ್ಕಿತು. ಬೋಲ್ಟ್ ಮುಚ್ಚುವಾಗ ನಳಿಗೆ ನೆಲ ನೋಡಬೇಕು ಎಂದು ಅವನಿಗೆ ಏಳನೆಯ ವಯಸ್ಸಿನಲ್ಲಿ ಕಲಿಸಿದ್ದು ಅವನ ಅಜ್ಜ. ಆ ದಿನ ಮೈದಾನದ ಹಗ್ಗದಾಚೆ ಮಕ್ಕಳು ಕುಳಿತಿದ್ದರು. ಹಬ್ಬದ ಊಟ ಮುಗಿಸಿ ಮನೆಮಂದಿಯೆಲ್ಲ ಬಂದಿದ್ದರು.

ನಾನು ಸೇನೆಯಲ್ಲಿ ಇಪ್ಪತ್ತನಾಲ್ಕು ವರ್ಷ ಶಸ್ತ್ರ ದುರಸ್ತಿ ಮಾಡಿದವನು. ಲೀ-ಎನ್‌ಫೀಲ್ಡ್ .303ರಿಂದ ಹಿಡಿದು ತಾನೇ ತೋಟಾ ತುಂಬಿಕೊಳ್ಳುವ 7.62 ಎಸ್‌ಎಲ್‌ಆರ್‌ವರೆಗೆ ಸಾವಿರಾರು ಕೋವಿಗಳನ್ನು ಬಿಚ್ಚಿ ಜೋಡಿಸಿದ್ದೇನೆ. ಸಂಜೆ ಆ ಕೋವಿಯನ್ನು ನಮ್ಮ ಮನೆಯ ಊಟದ ಮೇಜಿನ ಮೇಲಿಟ್ಟು ಬಿಚ್ಚಿದೆ. ಟ್ರಿಗರಿನ ಮೂಲ ಸ್ಪ್ರಿಂಗ್ ಇರಲಿಲ್ಲ, ಅದರ ಜಾಗದಲ್ಲಿ ಬಾಲ್‌ಪೆನ್ನಿನ ಸ್ಪ್ರಿಂಗ್ ಇತ್ತು. ತೋಟಾಕ್ಕೆ ಬಡಿದು ಗುಂಡು ಹಾರಿಸುವ ಫೈರಿಂಗ್ ಪಿನ್ನನ್ನು ಹಿಂದಕ್ಕೆ ಹಿಡಿದಿಡುವ ಕೊಕ್ಕೆ, ಅಂದರೆ ಸಿಯರ್, ಟ್ರಿಗರಿನ ಮೇಲೆ ಕೂರುವ ಅಂಚನ್ನು ಅರದಿಂದ ಉಜ್ಜಿದ್ದರು. ಉಳಿದಿದ್ದ ಹಿಡಿತ ಉಗುರಿನ ಅಂಚಿನಷ್ಟೂ ಇರಲಿಲ್ಲ. ನನ್ನ ಹಳೆಯ ಕೊಕ್ಕೆಗೆ ತೂಕದ ಬಟ್ಟುಗಳನ್ನು ಕಟ್ಟಿ ಟ್ರಿಗರಿಗೆ ನೇತುಹಾಕಿದರೆ 300 ಗ್ರಾಂಗೇ ಬಿಟ್ಟುಕೊಟ್ಟಿತು. "ಮಾವ, ಟ್ರಿಗರ್ ಹಗುರವಾಗಿದ್ದರೆ ಕಾಯಿ ತಪ್ಪುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ" ಎಂದ. ಕೆಲಸ ಮಾಡಿಕೊಟ್ಟವರು ಯಾರು ಎಂದು ಕೇಳಿ ತಿಳಿದುಕೊಂಡೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಅದೇ ಕೈಯಿಂದ ಹೀಗೆಯೇ ಹಗುರವಾದ ಕೋವಿಗಳು ನಮ್ಮ ನಾಡಿನಲ್ಲಿ ಇನ್ನೂ ಇವೆ ಎಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಹುಡುಗರ ಆಸೆ ತಪ್ಪಲ್ಲ. ಕಾರ್ಖಾನೆಯಿಂದ ಬಂದ ಟ್ರಿಗರ್ ಒರಟಾಗಿರುವುದು ನಿಜ, ಅದನ್ನು ಎಳೆಯುವಾಗ ನಳಿಗೆ ಅಲುಗಾಡಿ ಗುಂಡು ಕಾಯಿಯ ಪಕ್ಕದಿಂದ ಹೋಗುವುದೂ ನಿಜ. ಆದರೆ ಅವರು ರೋಗವನ್ನು ತಪ್ಪಾಗಿ ಗುರುತಿಸಿದ್ದಾರೆ. ನೂರರಲ್ಲಿ ತೊಂಬತ್ತು ಸಲ ತೊಂದರೆ ಭಾರದ್ದಲ್ಲ, ಟ್ರಿಗರ್ ಬಿಡುವ ಮುನ್ನ ಗರಗರನೆ ತೆವಳುವುದರದ್ದು. ಬೆರಳು ಒತ್ತುತ್ತಿದ್ದಂತೆ ಲೋಹದ ಮೇಲೆ ಲೋಹ ಸ್ವಲ್ಪ ಸರಿಯುತ್ತದೆ, ನಿಲ್ಲುತ್ತದೆ, ಮತ್ತೆ ಸರಿಯುತ್ತದೆ. ಯಾವಾಗ ಬಿಡುತ್ತದೆಂದು ಗೊತ್ತಾಗದೆ ಹೊಡೆಯುವವನು ಕೊನೆಗೆ ಬೆರಳನ್ನು ಜಗ್ಗಿಬಿಡುತ್ತಾನೆ. ಹೀಗೆ ತೆವಳುವ ಎರಡು ಪೌಂಡಿನ ಟ್ರಿಗರಿಗಿಂತ ಗಾಜಿನ ಕಡ್ಡಿ ಮುರಿದಂತೆ ಥಟ್ಟನೆ ಬಿಡುವ ಮೂರು ಪೌಂಡಿನ ಟ್ರಿಗರ್ ಕೈಗೆ ಹಗುರವಾಗಿ ತೋರುತ್ತದೆ. ಹಗುರವೇ ಬೇರೆ, ಶುದ್ಧವಾಗಿ ಬಿಡುವುದೇ ಬೇರೆ. ಹಣ ಕೊಟ್ಟು ಬೇರೆ ಟ್ರಿಗರ್ ಹಾಕಿಸುವವರು ಕೊಳ್ಳಬೇಕಾದದ್ದು ಎರಡನೆಯದನ್ನು.

ಎಷ್ಟು ತೂಕ ಇರಬೇಕು ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು, ಆ ಕೋವಿ ಎಲ್ಲಿ ಓಡಾಡುತ್ತದೆ ಎಂದು. ಮಳೆಯಲ್ಲಿ ಕಾಫಿ ಗಿಡಗಳ ನಡುವೆ ಹೆಗಲಿಗೇರಿಸಿಕೊಂಡು ಹೋಗುವ ಕೋವಿಗೆ ಮೂರೂವರೆ, ನಾಲ್ಕು ಪೌಂಡ್ ಇರಲಿ. ಬೆರಳು ಚಳಿಗೆ ಮರಗಟ್ಟಿದ್ದರೆ ಒಂದು ಪೌಂಡಿನ ಟ್ರಿಗರನ್ನು ಮುಟ್ಟಿದ್ದೂ ತಿಳಿಯುವುದಿಲ್ಲ. ಸ್ಪರ್ಧೆಯ ಮೈದಾನಕ್ಕಷ್ಟೇ ಬರುವ .22ಕ್ಕೆ ಎರಡೂವರೆ ಪೌಂಡ್, ಅಂದರೆ ಒಂದು ಕಿಲೋಕ್ಕಿಂತ ತುಸು ಹೆಚ್ಚು, ಧಾರಾಳ ಸಾಕು. ಅಂತರರಾಷ್ಟ್ರೀಯ ಶೂಟಿಂಗ್ ಸ್ಪರ್ಧೆಗಳಲ್ಲೂ 300 ಮೀಟರ್ ಸ್ಟ್ಯಾಂಡರ್ಡ್ ರೈಫಲಿನ ಟ್ರಿಗರ್ 1,500 ಗ್ರಾಂ ತೂಕವನ್ನು ಎತ್ತಿ ತಡೆಯಬೇಕು, 25 ಮೀಟರ್ ಪಿಸ್ತೂಲಿನದು 1,000 ಗ್ರಾಂ ತಡೆಯಬೇಕು. 50 ಮೀಟರ್ ರೈಫಲಿಗೆ ಅಂಥ ಮಿತಿ ಇಲ್ಲ ಎಂದು ಯಾರಾದರೂ ಎದುರು ವಾದ ಹೂಡಬಹುದು. ಇಲ್ಲ, ನಿಜ. ಆದರೆ ಅಲ್ಲಿ ಹೊಡೆಯುವವನು ತನ್ನ ಕಟ್ಟೆಯಲ್ಲಿ ಒಬ್ಬನೇ ಇರುತ್ತಾನೆ, ಅದೇ ಕೋವಿಯ ಜೊತೆ ವರ್ಷಗಟ್ಟಲೆ ಕಳೆದಿರುತ್ತಾನೆ, ಅಪ್ಪಣೆಯಾಗದೆ ತೋಟಾ ಹಾಕುವಂತಿಲ್ಲ. ನಮ್ಮಲ್ಲಿ ಒಂದೇ ಕೋವಿ ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಅತ್ತಿಗೆಗೆ, ಅಲ್ಲಿಂದ ನೆಂಟರ ಹುಡುಗನಿಗೆ ಕೈ ಬದಲಾಗುತ್ತದೆ.

ಟ್ರಿಗರುಗಳಲ್ಲಿ ಒಂದೇ ಹಂತದವು, ಎರಡು ಹಂತದವು ಎಂದು ಎರಡು ಬಗೆ. ಎರಡು ಹಂತದ್ದರಲ್ಲಿ ಮೊದಲು ಸ್ವಲ್ಪ ದೂರ ಸಲೀಸಾಗಿ ಹಿಂದೆ ಬಂದು ಒಂದು ಗೋಡೆಗೆ ತಾಗಿದಂತೆ ನಿಲ್ಲುತ್ತದೆ, ಮತ್ತೆ ಒತ್ತಿದರೆ ಬಿಡುತ್ತದೆ. ಸೇನೆಯ ಕೋವಿಗಳಲ್ಲಿ ಕಲಿತ ನಮ್ಮಂಥವರಿಗೆ ಇದೇ ರೂಢಿ. ಹೊಸಬರಿಗೂ ನಾನು ಇದನ್ನೇ ಹೇಳುತ್ತೇನೆ, ಆ ಗೋಡೆ ಬೆರಳಿಗೆ ಎಚ್ಚರಿಕೆ ಕೊಡುತ್ತದೆ.

ಇಲ್ಲಿ ಮಳೆಗಾಲದ ಒಂದು ಮಾತು ಹೇಳಲೇಬೇಕು. ಹಳೆಯ ಲೀ-ಎನ್‌ಫೀಲ್ಡ್ ಕೋವಿಗಳಲ್ಲಿ ಟ್ರಿಗರ್ ನೇತಾಡುವುದು ಅದನ್ನು ಸುತ್ತುವರಿದ ಕೆಳಗಿನ ಲೋಹದ ಬಳೆಯಿಂದ, ಅಂದರೆ ಟ್ರಿಗರ್ ಗಾರ್ಡಿನಿಂದ, ಸಿಯರ್ ಇರುವುದು ಮೇಲಿನ ಉಕ್ಕಿನ ಒಡಲಿನಲ್ಲಿ. ನಡುವೆ ಇರುವುದು ಮರ. ಜೂನ್‌ನಲ್ಲಿ ಮರ ನೀರು ಕುಡಿದು ಉಬ್ಬುತ್ತದೆ, ಫೆಬ್ರವರಿಯಲ್ಲಿ ಒಣಗಿ ಕುಗ್ಗುತ್ತದೆ. ಟ್ರಿಗರಿಗೂ ಸಿಯರಿಗೂ ಇರುವ ಅಂತರ ಅದರ ಜೊತೆಗೇ ಬದಲಾಗುತ್ತದೆ. ಇದು ಕಾರ್ಖಾನೆಯವರಿಗೂ ಗೊತ್ತಿದ್ದ ತೊಂದರೆ; ಆ ಕಾರಣಕ್ಕಾಗಿಯೇ ನಂಬರ್ 4 ಮಾರ್ಕ್ 2ರಲ್ಲಿ ಟ್ರಿಗರನ್ನು ಗಾರ್ಡಿನಿಂದ ಬಿಡಿಸಿ ಉಕ್ಕಿನ ಒಡಲಿಗೇ ತೂಗುಹಾಕಿದರು. ಮರದ ಮೇಲೆ ನಿಂತ ಇಂಥ ಹಳೆಯ ಕೋವಿ ಇರುವವರು ಬೇಸಿಗೆಯಲ್ಲಿ ಟ್ರಿಗರನ್ನು ಕೂದಲೆಳೆಯಷ್ಟು ಹಿಡಿತಕ್ಕೆ ಇಳಿಸಿಟ್ಟರೆ ಆಗಸ್ಟ್‌ನಲ್ಲಿ ಅದು ಎಲ್ಲಿ ನಿಂತಿರುತ್ತದೆಂದು ಯಾವ ಮಿಸ್ತ್ರಿಯೂ ಹೇಳಲಾರ. ಕೈಲ್ ಮುಹೂರ್ತ ಬರುವುದು ಅದೇ ಮಳೆಯ ಬೆನ್ನಿಗೆ.

ಎಣ್ಣೆಯ ವಿಷಯವೂ ಹಾಗೆಯೇ. ಒಂದು ಮನೆಯಲ್ಲಿ ಟ್ರಿಗರಿನ ಒಳಗೆ ತೆಂಗಿನೆಣ್ಣೆ ಬಿಟ್ಟಿದ್ದರು. ಇಪ್ಪತ್ತನಾಲ್ಕು ಡಿಗ್ರಿಗಿಂತ ಕೆಳಗಿಳಿದರೆ ಅದು ಗಟ್ಟಿಯಾಗುತ್ತದೆ ಎಂಬುದು ತಲೆಗೆ ಹಚ್ಚಿಕೊಳ್ಳುವ ನಮಗೆಲ್ಲ ಗೊತ್ತು. ಡಿಸೆಂಬರಿನ ಬೆಳಿಗ್ಗೆ ಆ ಟ್ರಿಗರ್ ಒತ್ತಿದ ಮೇಲೆ ತನ್ನ ಜಾಗಕ್ಕೆ ಹಿಂದಿರುಗುತ್ತಿರಲಿಲ್ಲ. ಟ್ರಿಗರಿನ ಒಳಗೆ ಯಾವ ದಪ್ಪ ಎಣ್ಣೆಯೂ ಬೇಡ. ಧೂಳು ಹಿಡಿದು ಅಂಟಾಗುತ್ತದೆ.

ಅಂಟು ಎಷ್ಟು ದೊಡ್ಡ ಮಾತು ಎಂಬುದಕ್ಕೆ ಅಮೆರಿಕದ ಉದಾಹರಣೆ ಇದೆ. ರೆಮಿಂಗ್ಟನ್ 700 ಎಂಬ ಬೋಲ್ಟ್ ರೈಫಲ್ 1962ರಿಂದ ಅಲ್ಲಿ ಮನೆಮಾತು. 2006ರ ಮೇ 1ರಿಂದ 2014ರ ಏಪ್ರಿಲ್ 9ರವರೆಗೆ ಹೊಸ ಬಗೆಯ ಟ್ರಿಗರ್ ಹಾಕಿ ತಯಾರಿಸಿದ ಕೋವಿಗಳನ್ನು ಕಂಪನಿ 2014ರಲ್ಲಿ ವಾಪಸು ಕರೆಯಿತು. ಜೋಡಿಸುವಾಗ ಬಳಸಿದ ಅಂಟು ಕೆಲವು ಟ್ರಿಗರುಗಳಲ್ಲಿ ಹೆಚ್ಚಾಗಿ, ಕೋವಿ ತಾನಾಗಿ ಹಾರುವ ಸಾಧ್ಯತೆ ಇದೆ ಎಂದು ಕಂಪನಿಯೇ ಹೇಳಿತು. ಅದೇ ಕೋವಿಯ 1982ಕ್ಕೆ ಹಿಂದಿನ ಮಾದರಿಗಳಲ್ಲಿ, ಗುಂಡು ಹಾರದಂತೆ ತಡೆಯುವ ಸೇಫ್ಟಿ ಕೀಲನ್ನು ಹಾಕಿದರೆ ಬೋಲ್ಟ್ ತೆರೆಯುತ್ತಿರಲಿಲ್ಲ, ತೋಟಾ ಹೊರತೆಗೆಯಬೇಕಾದರೆ ಸೇಫ್ಟಿ ತೆಗೆಯಲೇಬೇಕಿತ್ತು. ದೊಡ್ಡ ಕಾರ್ಖಾನೆ, ಸೂಕ್ಷ್ಮ ಯಂತ್ರಗಳು, ಪರೀಕ್ಷಕರು ಎಲ್ಲ ಇದ್ದೂ ಹೀಗಾಗುವುದಾದರೆ, ಪೆನ್ನಿನ ಸ್ಪ್ರಿಂಗಿನ ಮೇಲೆ ನಾವು ಭಾರ ಹಾಕುವುದು ಹೇಗೆ?

ಹೊರದೇಶದಲ್ಲಿ ಇದಕ್ಕಾಗಿಯೇ ಇರುವ ತಯಾರಕರಿದ್ದಾರೆ. ಅಮೆರಿಕದ ಟಿಮ್ನಿ, ಕೆನಡಾದ ಟ್ರಿಗರ್‌ಟೆಕ್ ಎಂಬ ಹೆಸರುಗಳನ್ನು ನಮ್ಮ ಹುಡುಗರೂ ಬಲ್ಲರು. ಟ್ರಿಗರ್‌ಟೆಕ್‌ನವರು ಸಿಯರಿಗೂ ಟ್ರಿಗರಿಗೂ ನಡುವೆ ಒಂದು ಸಣ್ಣ ಉರುಳೆ ಇಟ್ಟು ತೆವಳುವಿಕೆಯನ್ನೇ ತೆಗೆದುಹಾಕಿದ್ದಾರೆ. ಸ್ಯಾವೇಜ್ ಕಂಪನಿ 2003ರಲ್ಲಿ ತಂದ ಅಕ್ಯುಟ್ರಿಗರ್‌ನಲ್ಲಿ ಮಧ್ಯೆ ಒಂದು ತೆಳು ಅಲಗು ಇದೆ. ಬೆರಳು ಆ ಅಲಗನ್ನು ಒತ್ತದೆ ಸಿಯರ್ ಜಾರಿದರೆ ಅದನ್ನು ಅಲಗೇ ತಡೆದು ನಿಲ್ಲಿಸುತ್ತದೆ. ಹಗುರವೂ ಬೇಕು, ಕ್ಷೇಮವೂ ಬೇಕು ಎಂದು ಕುಳಿತು ಯೋಚಿಸಿದವರ ಕೆಲಸ ಅದು. ನೋಡಿದಾಗ ನನಗೆ ನಿಜವಾಗಿ ಸಂತೋಷವಾಯಿತು.

ಇವುಗಳಲ್ಲೂ ಆಯ್ಕೆ ಮಾಡುವಾಗ ನೋಡಬೇಕಾದ ಮುಖ್ಯ ವಿಷಯ ಸೇಫ್ಟಿ ಏನನ್ನು ಹಿಡಿಯುತ್ತದೆ ಎಂಬುದು. ಹಳೆಯ ಮೌಸರ್ 98ರಲ್ಲಿ ಬೋಲ್ಟಿನ ಹಿಂದಿರುವ ರೆಕ್ಕೆಯಂಥ ಸೇಫ್ಟಿ ಫೈರಿಂಗ್ ಪಿನ್ನನ್ನೇ ಹಿಡಿದು ನಿಲ್ಲಿಸುತ್ತದೆ. ಟ್ರಿಗರ್ ಕೈಕೊಟ್ಟರೂ ಪಿನ್ ಮುಂದೆ ಹೋಗದು. ದುರ್ಬೀನು ಕೂರಿಸಲು ಆ ರೆಕ್ಕೆ ಅಡ್ಡ ಬರುತ್ತದೆಂದು ಅದನ್ನು ತೆಗೆಸಿ, ಟ್ರಿಗರಿನ ಬದಿಯಲ್ಲೇ ಸೇಫ್ಟಿ ಇರುವ ಹೊಸ ಟ್ರಿಗರ್ ಹಾಕಿಸಿಕೊಳ್ಳುತ್ತಾರೆ. ಅವುಗಳಲ್ಲಿ ಹಲವು ಹಿಡಿಯುವುದು ಟ್ರಿಗರನ್ನು ಮಾತ್ರ. ಆಗ ನೀವು ಚಂದದ ಟ್ರಿಗರ್ ಪಡೆದು ಉತ್ತಮ ಸೇಫ್ಟಿಯೊಂದನ್ನು ಕಳೆದುಕೊಂಡಿರಿ ಎಂದು ತಿಳಿಯಬೇಕು. ಸೇಫ್ಟಿ ಹಾಕಿದಂತೆಯೇ ಬೋಲ್ಟ್ ತೆರೆದು ತೋಟಾ ತೆಗೆಯಲು ಬರುವಂಥದ್ದೇ ಇರಲಿ. ನಿಮ್ಮ ಕೋವಿಯ ಮಾದರಿಗೆಂದೇ ಮಾಡಿದ್ದಾಗಿರಲಿ. ಉಜ್ಜಿ ಕೂರಿಸಬೇಕಾದದ್ದು ಬೇಡವೇ ಬೇಡ.

ಕೆನಡಾದಲ್ಲಿರುವ ನೆಂಟರು ಬರುವಾಗ ಪೆಟ್ಟಿಗೆಯಲ್ಲಿ ಒಂದು ಟ್ರಿಗರ್ ತಂದುಕೊಡುತ್ತಾರೆ ಎಂದು ನನ್ನ ಸೋದರಳಿಯ ಆಮೇಲೆ ಹೇಳಿದ. ಖಂಡಿತ ಬೇಡ ಎಂದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿಯ ಬಿಡಿಭಾಗವೂ ಶಸ್ತ್ರವೇ. ದುರಸ್ತಿ, ಮಾರ್ಪಾಡು ಮಾಡಲೂ ಪರವಾನಗಿ ಬೇಕು. ನಮ್ಮ ಕೊಡವರಿಗೆ ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಲು 1861ರಿಂದ ನಡೆದು ಬಂದ ವಿನಾಯಿತಿ ಇದೆ, 2019ರ ಅಧಿಸೂಚನೆಯಂತೆ ಅದು 2029ರ ಅಕ್ಟೋಬರ್ 31ರವರೆಗೆ ಮುಂದುವರಿದಿದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಸಿಕ್ಕ ವಿನಾಯಿತಿ, ಹಿತ್ತಲಿನ ಲೇತ್ ಯಂತ್ರಕ್ಕೆ ಸಿಕ್ಕದ್ದಲ್ಲ. ಐನ್‌ಮನೆಯ ನೆಲ್ಲಕ್ಕಿಯಲ್ಲಿ, ಅಂದರೆ ಕುಟುಂಬದ ಮೂಲಮನೆಯ ನಡುಮನೆಯಲ್ಲಿ, ಕೋವಿಯನ್ನಿಟ್ಟು ತೋಕ್‌ಪೂವು (ಕೋವಿ ಹೂ) ಮುಡಿಸಿ ಪೂಜಿಸುವ ನಮ್ಮ ಹಬ್ಬದಲ್ಲೇ ಒಂದು ಮಗುವಿಗೆ ಗುಂಡು ತಾಗಿದರೆ ಆ ವಿನಾಯಿತಿಯ ಪರವಾಗಿ ಮಾತನಾಡಲು ನಮಗೆ ಬಾಯಿ ಇರುತ್ತದೆಯೇ? ಪರವಾನಗಿ ಇರುವ ಕೋವಿ ಅಂಗಡಿಗೆ ಒಯ್ದು, ಮೂಲ ಮಾದರಿಯ ಸ್ಪ್ರಿಂಗನ್ನೇ ಹಾಕಿಸಿ, ಉಜ್ಜಿಹೋದ ಅಂಚನ್ನು ಸರಿಪಡಿಸಿಕೊಳ್ಳಿ ಎಂದು ಅವನಿಗೆ ಹೇಳಿದೆ. ಈಗ ಅವನ ಟ್ರಿಗರ್ 1,200 ಗ್ರಾಂಗೆ ಬಿಡುತ್ತದೆ, ತೆವಳುವುದಿಲ್ಲ.

ಸ್ಪರ್ಧೆ ನಡೆಸುವ ಸಂಘಗಳಿಗೆ ನನ್ನ ವಿನಂತಿ ಇಷ್ಟು. ಹೆಸರು ಬರೆಸುವ ಮೇಜಿನ ಪಕ್ಕದಲ್ಲಿ ಇನ್ನೊಂದು ಮೇಜು ಹಾಕಿ. ಪ್ರತಿ ಕೋವಿಯನ್ನೂ ಮೊದಲು ಖಾಲಿ ಎಂದು ಇಬ್ಬರು ಕಣ್ಣಾರೆ ನೋಡಲಿ. .22 ಆದರೆ ಒಂದು ಖಾಲಿ ಕೋಶ ಹಾಕಿ, ಇಲ್ಲವಾದರೆ ಪಿನ್ ನಳಿಗೆಯ ಅಂಚಿಗೆ ಹೊಡೆದು ಹಾಳಾಗುತ್ತದೆ. ನಳಿಗೆಯನ್ನು ಮೇಲಕ್ಕೆ ನಿಲ್ಲಿಸಿ ಒಂದು ಕಿಲೋ ಬಟ್ಟನ್ನು ಟ್ರಿಗರಿಗೆ ನೇತುಹಾಕಿ; ಬಿಟ್ಟುಕೊಟ್ಟರೆ ಆ ಕೋವಿ ಆ ದಿನ ಮೈದಾನಕ್ಕೆ ಇಳಿಯುವುದು ಬೇಡ. ಬಳಿಕ ಬೋಲ್ಟನ್ನು ನಾಲ್ಕೈದು ಸಲ ರಭಸದಿಂದ ಮುಚ್ಚಿ, ಕೋವಿಯ ಹಿಂಬದಿಯ ಮರದ ಬುಡವನ್ನು ಚಾಪೆಯ ಮೇಲೆ ತಟ್ಟಿ ನೋಡಿ. ಕೊನೆಗೆ ಸೇಫ್ಟಿ ಹಾಕಿ ಟ್ರಿಗರ್ ಒತ್ತಿ ಬೆರಳು ತೆಗೆಯಿರಿ, ಆಮೇಲೆ ಸೇಫ್ಟಿ ತೆಗೆಯಿರಿ. ಇವುಗಳಲ್ಲಿ ಯಾವಾಗಲಾದರೂ ಪಿನ್ ಬಿದ್ದ ಸದ್ದು ಕೇಳಿದರೆ, ಎಷ್ಟೇ ದೊಡ್ಡ ಮನೆಯವರದ್ದಾದರೂ, ಆ ಕೋವಿಯನ್ನು ಗಾಡಿಗೆ ಹಿಂದಿರುಗಿಸಿ. ಒಂದು ಕೋವಿಗೆ ಮೂರು ನಿಮಿಷವೂ ಹಿಡಿಯದು.

ನನಗೆ ವಯಸ್ಸು ಎಪ್ಪತ್ತೊಂದು, ಕಣ್ಣು ಇನ್ನೂ ಚೆನ್ನಾಗಿದೆ. ಪೊನ್ನಂಪೇಟೆ, ವಿರಾಜಪೇಟೆ ಕಡೆಯ ಯಾವ ಸಂಘದವರು ಕರೆದರೂ ಕೊಕ್ಕೆ ಮತ್ತು ಬಟ್ಟುಗಳನ್ನು ನಾನೇ ತರುತ್ತೇನೆ. ಮೇಜು, ಎರಡು ಕುರ್ಚಿ, ಮಳೆ ಬಂದರೆ ಮೇಲೊಂದು ಟಾರ್ಪಾಲು ಅವರು ಕೊಟ್ಟರೆ ಸಾಕು.

— ನಿವೃತ್ತ ಹವಾಲ್ದಾರ್, ಪೊನ್ನಂಪೇಟೆ ತಾಲ್ಲೂಕು