ಎಫ್‌ಐಆರ್‌ನ ಅಪಹರಣವೆಲ್ಲ ಕೋರ್ಟಿನಲ್ಲಿ ಅಪಹರಣವಾಗದು

ಮಾನ್ಯರೇ,

‘ಕಾಲೇಜಿಗೆ ಹೋದ ಬಾಲಕಿ ಅಪಹರಣ: ಪ್ರಕರಣ ದಾಖಲು’. ಜಿಲ್ಲಾ ಪುಟಗಳಲ್ಲಿ ಇಂಥ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಓದಿದವರ ಕಣ್ಣಿಗೆ ಯಾರೋ ವ್ಯಾನಿನಲ್ಲಿ ಎಳೆದೊಯ್ದಂತೆ ಕಾಣುತ್ತದೆ. ಆದರೆ ಎಷ್ಟೋ ಸಲ ಆ ಹೊತ್ತಿಗೆ ಠಾಣೆಯವರಿಗೆ ಗೊತ್ತಿರುವುದು ಇಷ್ಟೇ: ಹದಿನೆಂಟು ತುಂಬದ ಮಗು ಮನೆಗೆ ಬಂದಿಲ್ಲ. ಮಗು ಕಾಣೆಯಾದ ದೂರು ಬಂದ ಕೂಡಲೇ ಎಫ್‌ಐಆರ್ ಹಾಕಬೇಕು, ಬೇರೆ ಕಾರಣ ಗೊತ್ತಾಗುವವರೆಗೆ ಅಪಹರಣ ಇಲ್ಲವೇ ಕಳ್ಳಸಾಗಣೆ ಎಂದೇ ತಿಳಿದು ತನಿಖೆ ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಬಚಪನ್ ಬಚಾವೋ ಆಂದೋಲನ್ ಪ್ರಕರಣದಲ್ಲಿ ಆದೇಶಿಸಿದೆ. ಹಾಗಾಗಿ ಭಾರತೀಯ ನ್ಯಾಯ ಸಂಹಿತೆಯ 137(2), ಅಂದರೆ ಅಪಹರಣದ ಕಲಂ, ಬೀಳುತ್ತದೆ, ಆರೋಪಿಯ ಜಾಗದಲ್ಲಿ ‘ಅಪರಿಚಿತರು’ ಎಂದಿರುತ್ತದೆ. ಹುಡುಕಾಟ ತಡವಾಗದಿರಲಿ ಎಂದು ಮಾಡಿದ ಒಳ್ಳೆಯ ಏರ್ಪಾಡು ಇದು. ಆದರೂ ಅದು ತನಿಖೆ ಶುರುಮಾಡಲು ಇಟ್ಟುಕೊಂಡ ಊಹೆಯೇ ಹೊರತು ತೀರ್ಮಾನವಲ್ಲ.

ಮಗು ಸಿಕ್ಕ ಮೇಲೆ ಜನ ಎರಡು ಬಣವಾಗುತ್ತಾರೆ. ‘ಹುಡುಗಿ ತಾನಾಗಿ ಹೋಗಿದ್ದಾಳೆ, ಇನ್ನೆಂಥ ಕೇಸು’ ಎನ್ನುವವರು ಕೆಲವರು. ‘ಅಪ್ರಾಪ್ತೆ ಎಂದ ಮೇಲೆ ಮುಗೀತು, ಶಿಕ್ಷೆ ಆಗಲೇಬೇಕು’ ಎನ್ನುವವರು ಉಳಿದವರು. ಇಬ್ಬರದೂ ಅರ್ಧ ಸರಿ.

ಈ ಕಲಂ ಕಾಯುವುದು ಪೋಷಕರ ವಶವನ್ನು. ಮಗುವನ್ನು ಅಥವಾ ಬುದ್ಧಿಸ್ವಾಧೀನವಿಲ್ಲದ ವ್ಯಕ್ತಿಯನ್ನು ಕಾನೂನುಬದ್ಧ ಪೋಷಕರ ಒಪ್ಪಿಗೆಯಿಲ್ಲದೆ ಅವರ ವಶದಿಂದ ಕರೆದೊಯ್ದರೆ ಅಥವಾ ಪುಸಲಾಯಿಸಿ ಹೊರಡಿಸಿದರೆ ಅಪರಾಧ. ಬಲಪ್ರಯೋಗ ಬೇಕಿಲ್ಲ, ಕೆಟ್ಟ ಉದ್ದೇಶವೂ ಬೇಕಿಲ್ಲ. ಶಿಕ್ಷೆ ಏಳು ವರ್ಷದವರೆಗೆ ಮತ್ತು ದಂಡ. ಹಳೆಯ ದಂಡ ಸಂಹಿತೆಯ 361ರಲ್ಲಿ ಹುಡುಗರಿಗೆ 16, ಹುಡುಗಿಯರಿಗೆ 18 ಎಂಬ ಭೇದವಿತ್ತು. 2024ರ ಜುಲೈ 1ರಂದು ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ ಇಬ್ಬರಿಗೂ 18. ಪೋಷಕರೆಂದರೆ ತಂದೆ ತಾಯಿ ಮಾತ್ರವಲ್ಲ, ಮಗುವನ್ನು ಕಾನೂನುಬದ್ಧವಾಗಿ ಒಪ್ಪಿಸಿಕೊಂಡ ಅಜ್ಜಿ, ಹಾಸ್ಟೆಲ್ ವಾರ್ಡನ್ ಕೂಡ ಸೇರುತ್ತಾರೆ. ಇಲ್ಲಿ ಮಗುವಿನ ಒಪ್ಪಿಗೆಗೆ ಬೆಲೆಯಿಲ್ಲ. ‘ಹದಿನೆಂಟಾಗಿದೆ ಅಂದುಕೊಂಡಿದ್ದೆ’ ಎಂಬ ಸಮರ್ಥನೆಯೂ ನಡೆಯುವುದಿಲ್ಲ. ಇಂಗ್ಲೆಂಡಿನಲ್ಲಿ 1875ರ ಪ್ರಿನ್ಸ್ ಪ್ರಕರಣದಲ್ಲೇ ಆ ದಾರಿ ಮುಚ್ಚಿದೆ.

ಹಾಗಿದ್ದರೂ ಆರೋಪಿ ‘ಕರೆದೊಯ್ದ’ ಅಥವಾ ‘ಪುಸಲಾಯಿಸಿದ’ ಎಂಬುದನ್ನು ಪ್ರಾಸಿಕ್ಯೂಷನ್ ಸಾಬೀತು ಮಾಡಲೇಬೇಕು. ವರದರಾಜನ್ ವಿರುದ್ಧ ಮದ್ರಾಸ್ ರಾಜ್ಯ ಪ್ರಕರಣದಲ್ಲಿ (1965ರ ವರದಿ) ಹದಿನೆಂಟರ ಹತ್ತಿರವಿದ್ದ ಕಾಲೇಜು ಹುಡುಗಿಯನ್ನು ತಂದೆ ಸಂಬಂಧಿಕರ ಮನೆಯಲ್ಲಿ ಬಿಟ್ಟಿದ್ದರು. ಅವಳೇ ಆರೋಪಿ ವರದರಾಜನ್‌ಗೆ ಫೋನ್ ಮಾಡಿ, ಇಂಥ ಕಡೆ ಬಾ ಎಂದು ಕರೆದು, ತಾನೇ ನಡೆದುಹೋಗಿ ಅವನ ಕಾರು ಹತ್ತಿದಳು. ಮದುವೆಯ ಕರಾರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ ಇಬ್ಬರೂ ಊರೂರು ತಿರುಗಿದರು. ಸುಪ್ರೀಂ ಕೋರ್ಟ್ ಆತನನ್ನು ಬಿಟ್ಟಿತು. ತಿಳಿವಳಿಕೆಯ ವಯಸ್ಸಿಗೆ ಬಂದ ಮಗು ಸ್ವಂತ ನಿರ್ಧಾರದಿಂದ ಮನೆ ಬಿಟ್ಟು ಬಂದಾಗ ಜೊತೆಗಿರುವುದು ಬೇರೆ, ಕರೆದೊಯ್ಯುವುದು ಬೇರೆ ಎಂದಿತು. ಜೊತೆಗೇ ಒಂದು ಎಚ್ಚರಿಕೆಯನ್ನೂ ಇಟ್ಟಿತು: ಮನೆ ಬಿಡುವ ನಿರ್ಧಾರ ಮೂಡುವುದರಲ್ಲಿ ಆರೋಪಿಯ ಕೈವಾಡವಿದ್ದರೆ ಕಥೆ ಬೇರೆ. 1973ರ ಠಾಕೂರ್‌ಲಾಲ್ ವಡಗಾಮಾ ತೀರ್ಪು ಈ ತುದಿಯನ್ನೇ ಹಿಡಿಯಿತು. ಹೊರಟ ದಿನ ಆರೋಪಿ ಏನೂ ಮಾಡದಿದ್ದರೂ, ಮೊದಲೇ ಉಡುಗೊರೆ, ಆಸೆ, ಭರವಸೆ ತೋರಿಸಿ ಮನಸ್ಸು ತಿರುಗಿಸಿದ್ದರೆ ಅದು ಪುಸಲಾವಣೆಯೇ.

ಆದ್ದರಿಂದ ಹುಡುಗಿಯ ಮಾತು ‘ಒಪ್ಪಿಗೆ’ಯಾಗಿ ಕೆಲಸಕ್ಕೆ ಬರದಿದ್ದರೂ, ‘ಹೊರಡುವ ಮಾತು ಮೊದಲು ಯಾರಿಂದ ಬಂತು’ ಎಂಬುದಕ್ಕೆ ಅದೇ ಮುಖ್ಯ ಸಾಕ್ಷ್ಯ. ತನಿಖೆ ಜಾರುವುದು ಇಲ್ಲೇ. ಮ್ಯಾಜಿಸ್ಟ್ರೇಟ್ ಎದುರು ನಾಗರಿಕ ಸುರಕ್ಷಾ ಸಂಹಿತೆಯ 183ರ ಹೇಳಿಕೆಯಲ್ಲಿ ‘ನನ್ನ ಇಷ್ಟದಿಂದ ಹೋದೆ’ ಎಂಬ ಒಂದು ಸಾಲು ಬಂದರೆ ಅಲ್ಲಿಗೇ ಪ್ರಶ್ನೆ ನಿಲ್ಲುತ್ತದೆ. ಹಿಂದಿನ ತಿಂಗಳ ಸಂದೇಶಗಳಲ್ಲಿ ಏನಿತ್ತು, ಬಸ್ ಟಿಕೆಟ್ ಯಾರು ತೆಗೆದರು, ಮೊಬೈಲ್ ಯಾರು ಕೊಡಿಸಿದರು, ಇಳಿದುಕೊಂಡ ಕೋಣೆ ಯಾರ ಹೆಸರಲ್ಲಿತ್ತು ಎಂಬುದು ಚಾರ್ಜ್‌ಶೀಟಿಗೆ ಬರುವುದಿಲ್ಲ. ಕಾಲ್ ವಿವರ ತಂದರೂ ವಿದ್ಯುನ್ಮಾನ ದಾಖಲೆಗೆ ಬೇಕಾದ, ಸಾಕ್ಷ್ಯ ಅಧಿನಿಯಮದ 63ರ ಪ್ರಮಾಣಪತ್ರ ಲಗತ್ತಿಸದಿದ್ದರೆ ಅದು ಬರೀ ಕಾಗದ.

ವಯಸ್ಸಿನ ದಾಖಲೆಯದೂ ಇದೇ ಪಾಡು. ಬಾಲನ್ಯಾಯ ಕಾಯ್ದೆ 2015ರ 94ನೇ ಕಲಂ ಕ್ರಮ ಹೇಳಿದೆ: ಮೊದಲು ಶಾಲೆ ಕೊಟ್ಟ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿಯಂಥ ಮಂಡಳಿಯ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ನಮ್ಮಲ್ಲಿ ಎಲ್ಲಕ್ಕೂ ಟಿಸಿಯನ್ನೇ ಹಿಡಿದು ಓಡಾಡುತ್ತಾರೆ. ಟಿಸಿ ಮತ್ತು ದಾಖಲಾತಿ ಪುಸ್ತಕದ ನಕಲು ಈ ಕಲಮಿಗೆ ಸಾಲದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಯುವಪ್ರಕಾಶ್ ಪ್ರಕರಣದಲ್ಲಿ ಹೇಳಿದೆ. ಮೂಳೆ ಪರೀಕ್ಷೆ ಎರಡು ವರ್ಷ ಆಚೀಚೆ ಆಗಬಹುದಾದ್ದರಿಂದ ಹದಿನೇಳರ ಆಸುಪಾಸಿನ ಪ್ರಕರಣಗಳು ಅದನ್ನೇ ನಂಬಿದರೆ ಬಿದ್ದುಹೋಗುತ್ತವೆ.

ವಯಸ್ಕರ ವಿಷಯಕ್ಕೆ ಬಂದರೆ ಕಾನೂನೇ ಬೇರೆ. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಒಯ್ದದ್ದನ್ನು ನಾವೆಲ್ಲ ಅಪಹರಣ ಎಂದೇ ಕರೆಯುತ್ತೇವೆ. ಅಲ್ಲಿ ಪೋಷಕರ ವಶದ ಪ್ರಶ್ನೆಯೇ ಇಲ್ಲ. ಬಲವಂತದಿಂದ ಅಥವಾ ಮೋಸದಿಂದ ಒಂದು ಕಡೆಯಿಂದ ಹೊರಡಿಸುವುದು ಇಂಗ್ಲಿಷಿನ ‘ಅಬ್ಡಕ್ಷನ್’, ಈಗ 138ನೇ ಕಲಂ. ಆ ಕಲಮಿಗೆ ತನ್ನದೇ ಶಿಕ್ಷೆಯಿಲ್ಲ; ಕೊಲೆ, ಒತ್ತೆಹಣ, ಗುಟ್ಟಾದ ಬಂಧನ, ಬಲವಂತದ ಮದುವೆ ಇತ್ಯಾದಿ ಉದ್ದೇಶ ಸೇರಿದಾಗಲೇ ಶಿಕ್ಷೆ. ಒತ್ತೆಹಣದ 140(2)ಕ್ಕೆ ಮರಣದಂಡನೆಯವರೆಗೂ ಅವಕಾಶವಿದೆ. ಆದರೆ ದುಡ್ಡು ಕೇಳಿದ ಮಾತ್ರಕ್ಕೆ ಅದು ನಿಲ್ಲದು. ಕೊಲ್ಲುವ ಅಥವಾ ಗಾಯ ಮಾಡುವ ಬೆದರಿಕೆ, ಇಲ್ಲವೇ ಅಂಥ ಭಯ ಹುಟ್ಟಿಸುವ ನಡವಳಿಕೆ ಸಾಬೀತಾಗಬೇಕು ಎಂದು ಹಳೆಯ 364ಎ ಕುರಿತ ಶೇಕ್ ಅಹ್ಮದ್ ತೀರ್ಪು (2021) ಹೇಳಿದೆ.

ಗಂಡ ಹೆಂಡಿರ ಜಗಳದಲ್ಲಿ ಅಪ್ಪ ಮಗುವನ್ನು ಕರೆದೊಯ್ದರೂ ‘ಕಿಡ್ನ್ಯಾಪ್’ ಎಂಬ ದೂರು ಬರುತ್ತದೆ. ಸಹಜ ಪೋಷಕನ ಮೇಲೆ, ಅವನ ಹಕ್ಕು ಕಿತ್ತ ಕೋರ್ಟ್ ಆದೇಶವಿಲ್ಲದಿದ್ದರೆ, ಈ ಕಲಂ ಸಾಮಾನ್ಯವಾಗಿ ನಿಲ್ಲುವುದಿಲ್ಲ. ದಾರಿ ಇರುವುದು ಹೈಕೋರ್ಟಿನ ಹೇಬಿಯಸ್ ಕಾರ್ಪಸ್ (ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂಬ ಅರ್ಜಿ) ಅಥವಾ ಕುಟುಂಬ ನ್ಯಾಯಾಲಯದ ಅರ್ಜಿಯಲ್ಲಿ. ಅಮೆರಿಕದಲ್ಲಿರುವ ನಮ್ಮವರು ಮಾತ್ರ ಇದನ್ನು ನಂಬಿಕೊಂಡು ವಿಮಾನ ಹತ್ತಬಾರದು. ಇನ್ನೊಬ್ಬ ಪೋಷಕರ ಹಕ್ಕಿಗೆ ಅಡ್ಡಿ ಮಾಡಲೆಂದು ಹದಿನಾರರ ಒಳಗಿನ ಮಗುವನ್ನು ದೇಶದಿಂದ ಹೊರಗೊಯ್ಯುವುದು ಅಲ್ಲಿನ 1993ರ ಫೆಡರಲ್ ಕಾನೂನಿನಡಿ ಮೂರು ವರ್ಷದವರೆಗೆ ಜೈಲಿನ ಅಪರಾಧ.

ಪತ್ರಿಕೆಯಲ್ಲಿ ವಿನಂತಿ ಇಷ್ಟೇ. ಎಫ್‌ಐಆರ್ ಸುದ್ದಿಯಲ್ಲಿ ಕಲಂ ಯಾವುದು, ಆರೋಪಿಯ ಹೆಸರಿದೆಯೇ ಅಥವಾ ಮಗು ಬರೀ ಕಾಣೆಯಾಗಿದೆಯೇ ಎಂಬುದನ್ನು ಬಿಡಿಸಿ ಬರೆಯಿರಿ. 137(2) ಒಂದೇ ಇದ್ದರೆ ಅದು ಜಾಮೀನು ಸಿಗುವ ಅಪರಾಧ. ‘ಆರೋಪಿ ಸುಲಭವಾಗಿ ಹೊರಬಂದ’ ಎಂದು ಪೊಲೀಸರನ್ನು ದೂರುವ ಮೊದಲು ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆ ಪೋಕ್ಸೊ ಸೇರಿದೆಯೇ ನೋಡಬೇಕು. ಹುಡುಕಲೆಂದು ಹಾಕಿದ ಫೋಟೊವನ್ನು ಮಗು ಸಿಕ್ಕ ದಿನವೇ ಜಾಲತಾಣದಿಂದ ತೆಗೆಯಿರಿ. ಹೆಸರು ಬಿಟ್ಟು, ತಂದೆಯ ಕಸುಬು, ಊರು, ಕಾಲೇಜು ಹಾಕಿದರೂ ಗುರುತು ಸಿಕ್ಕೇ ಸಿಗುತ್ತದೆ. ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಡಿ ಇದಕ್ಕೆ ಆರು ತಿಂಗಳವರೆಗೆ ಸಜೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇವೆ.

ಇತಿ,
ಕ್ರಿಮಿನಲ್ ವಕೀಲ, ಶಿವಮೊಗ್ಗ