ರೊಟ್ಟಿ ಕೊಟ್ಟ ಮನೆಗಳಿಗೆ

ನೆರೆ ಬಂದ ಊರುಗಳಿಗೆ ರೊಟ್ಟಿ ತಂದುಕೊಟ್ಟ ಮಕ್ಕಳಿಗೆ ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲೇ ಧನ್ಯವಾದ ಹೇಳಿದ್ದೇನೆ. ಆದರೆ ರೊಟ್ಟಿ ಬಡಿದವರು ಮನೆಯಲ್ಲಿದ್ದ ತಾಯಂದಿರು. ಅವರಿಗೆ ಮುಟ್ಟಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಈ ವರ್ಷ, 2019ರ ಆಗಸ್ಟ್ 5ಕ್ಕೆ ನಾಗರ ಪಂಚಮಿ. ಹಬ್ಬದ ಬೆನ್ನಿಗೇ ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟು, ಮಲಪ್ರಭೆ ಕೊಣ್ಣೂರು, ಹೊಳೆಆಲೂರು ಕಡೆಯ ಊರುಗಳಿಗೆ ನುಗ್ಗಿತು. ಪರಿಹಾರ ಕೇಂದ್ರಗಳಲ್ಲಿ ಅನ್ನ-ಸಾರು ಸಿಗುತ್ತಿತ್ತು, ನಿಜ. ಆದರೆ ರೊಟ್ಟಿ ಉಂಡು ಬೆಳೆದ ಹೊಟ್ಟೆಗೆ ಅದು ಎಷ್ಟು ಹೊತ್ತು ತಡೆದೀತು? ಒಂದೊಂದು ಮನೆಯಿಂದ ಹತ್ತು ರೊಟ್ಟಿ ತರ್ರಿ ಅಂತ ಮಕ್ಕಳಿಗೆ ಹೇಳಿದೆ.

ನಮ್ಮದು ಹೊಳೆಯಿಲ್ಲದ ಎರೆಭೂಮಿಯ ಊರು. ಹೋದ ಹಿಂಗಾರಿ ಕೈಕೊಟ್ಟಿತ್ತು, ಎಷ್ಟೋ ಮನೆಗಳಲ್ಲಿ ಜೋಳವನ್ನು ಕೊಂಡು ತಿನ್ನುತ್ತಿದ್ದರು. ಅದು ಗೊತ್ತಿದ್ದೇ ಕೇಳಿದ್ದೆ, ಅಳುಕೂ ಇತ್ತು. ಹತ್ತು ಕೇಳಿದರೆ ಇಪ್ಪತ್ತು, ಮೂವತ್ತು ಬಂದವು. ಜೊತೆಗೆ ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ, ಅಂದರೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಡಬ್ಬಿಯಲ್ಲಿ ಉಳಿದಿದ್ದ ಪಂಚಮಿ ಉಂಡಿ. ಆರನೇ ತರಗತಿಯ ಹುಡುಗಿಯೊಬ್ಬಳು ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟನ್ನು ಎದೆಗವಚಿಕೊಂಡು ಬಂದಳು, ತಲೆ ಪೂರ್ತಿ ತೊಯ್ದಿತ್ತು, ಗಂಟು ಒಣಗಿತ್ತು. "ಟೀಚರ್ರೀ, ಅರಿವಿ ಮಾತ್ರ ವಾಪಸ್ ಕೊಡಬೇಕಂತ್ರಿ, ನಮ್ಮವ್ವ ಹೇಳ್ಯಾಳ್ರಿ."

ಮೊದಲ ದಿನ ನಾನೊಂದು ತಪ್ಪು ಮಾಡಿದೆ. ಬಿಸಿ ಆರದ ಮೆತ್ತನ್ನ ರೊಟ್ಟಿಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಟ್ಟೆ. ಮರುದಿನ ಬೆಳಿಗ್ಗೆ ಬಾಯಿ ಬಿಚ್ಚಿದರೆ ವಾಸನೆ. ಅರವತ್ತು ರೊಟ್ಟಿ ದನಕ್ಕೆ ಹಾಕಬೇಕಾಯಿತು. ಯಾರದೋ ಮನೆಯ ಜೋಳ ಅದು, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಬಿಸಿಯೂಟದ ಅಕ್ಕಂದಿರು ಒಂದು ಮಾತೂ ಅನ್ನಲಿಲ್ಲ. ಉಳಿದವನ್ನೆಲ್ಲ ಒಲೆಯ ಸುತ್ತ ಆನಿಸಿ ನಿಲ್ಲಿಸಿ, ಮಗ್ಗುಲು ತಿರುವಿ, ಖಡಕ್ ಆಗುವವರೆಗೆ ಕಾದರು. ಎರಡು ರಾತ್ರಿ ಮನೆಗೆ ಹೋಗಲಿಲ್ಲ. ಅಕ್ಕಾರs, ನಿಮ್ಮ ಉಪಕಾರ ನಾನು ಮರೆಯುವುದಿಲ್ಲ.

ಗಿರಣಿಯವರು ಬೀಸಿದ್ದಕ್ಕೆ ದುಡ್ಡು ಹಿಡಿಯಲಿಲ್ಲ. ಆಗಸ್ಟ್ 12 ಬಕ್ರೀದ್. ಟಂಟಂ ಓಡಿಸುವ ಅಣ್ಣ ನಮಾಜು ಮುಗಿಸಿದವರೇ ಶಾಲೆಯ ಮುಂದೆ ಗಾಡಿ ತಂದು ನಿಲ್ಲಿಸಿದರು. ಹಬ್ಬದೂಟ ಅವರಿಗೆ ರಾತ್ರಿಯೇ ಆಯಿತು.

ಕೇಂದ್ರದಲ್ಲಿ ಒಬ್ಬ ಅಜ್ಜಿ ರೊಟ್ಟಿ ಕೈಗೆ ತಗೊಂಡು ಕಟಕ್ಕನೆ ಮುರಿದಳು. ಹಿಂಡಿ ಹಚ್ಚಿಕೊಂಡು ಒಂದು ತುತ್ತು ತಿಂದು ಕೇಳಿದಳು: "ಯಾರ ಕೈರೊಟ್ಟಿ ಯವ್ವಾ ಇವು?" ಯಾವ ಮನೆಯದು ಅಂತ ಹೇಳಲಿ? ಊರ ಹೆಸರು ಹೇಳಿದೆ. "ನಿಮ್ಮೂರು ತಣ್ಣಗಿರಲಿ" ಅಂದಳು. ಆ ಮಾತು ನಿಮ್ಮದು, ನಿಮಗೆ ಒಪ್ಪಿಸಿದ್ದೇನೆ.

ಅರಿವಿಗಳನ್ನೆಲ್ಲ ಒಗೆದು ಮಡಚಿ ಇಟ್ಟಿದ್ದೇವೆ. ಇಳಕಲ್ ಸೀರೆಯ ತುಂಡು ಅವರವ್ವನ ಕೈ ಸೇರಿದೆ. ಹದಿನಾಲ್ಕು ಸ್ಟೀಲ್ ಡಬ್ಬಿಗಳು ಇನ್ನೂ ಆಫೀಸ್ ಕೋಣೆಯಲ್ಲಿವೆ, ಗುರುತು ಹಿಡಿದು ಒಯ್ಯಿರಿ.